ಮೊದಲ ಕೊಂಡಿಗೆ ಮೊದಲ ದುಡ್ಡು

ಹಾಸನದಿಂದ ಸಾಲಗಾಮೆಗೆ ಹೋಗುವ ರಸ್ತೆಯಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜಿದೆ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆ. ಎಂಸಿಎಫ್ ಆವರಣದ ದೊಡ್ಡ ದೊಡ್ಡ ತಟ್ಟೆಗಳು 1980ರ ದಶಕದಿಂದ ಆಕಾಶಕ್ಕೆ ಮುಖ ಮಾಡಿ ನಿಂತಿವೆ. ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹ ಕಳಿಸುವ ಸಂಕೇತ ನೆಲ ಮುಟ್ಟುವ ಹೊತ್ತಿಗೆ ತೀರಾ ಕ್ಷೀಣವಾಗಿರುತ್ತದೆ. ಅದನ್ನು ತಂತಿಯಲ್ಲಿ ಒಳಗೆ ತಂದು ಆಮೇಲೆ ದೊಡ್ಡದು ಮಾಡೋಣ ಎಂದರೆ ಕೆಲಸ ಕೆಟ್ಟಂತೆಯೇ. ಅದಕ್ಕೇ ಗದ್ದಲ ಅತಿ ಕಡಿಮೆಯಿರುವ ಆಂಪ್ಲಿಫೈಯರನ್ನು ತಟ್ಟೆಯ ಬಾಯಲ್ಲೇ ಕೂರಿಸುತ್ತಾರೆ. ಇದನ್ನು ನೋಡಲು ಎಂಸಿಎಫ್ ಗೇಟು ದಾಟಬೇಕಾಗಿಲ್ಲ. ಮನೆ ತಾರಸಿ ಮೇಲಿನ ಡಿಟಿಎಚ್ ತಟ್ಟೆಯ ಮುಂದೆ ಚಾಚಿಕೊಂಡ ಕೋಲಿನ ತುದಿಯಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದಲ್ಲ, ಎಲ್‌ಎನ್‌ಬಿ, ಅದು ಮಾಡುವುದೂ ಇದೇ ಕೆಲಸ. ಸಾಲಾಗಿ ಜೋಡಿಸಿದ ಸಲಕರಣೆಗಳಲ್ಲಿ ಮೊದಲ ಕೊಂಡಿಯಲ್ಲಿ ಸೇರಿಕೊಂಡ ಗದ್ದಲ ಕೊನೆಯವರೆಗೂ ಜೊತೆಗೇ ಬರುತ್ತದೆ. ಮುಂದಿನ ಪ್ರತಿ ಕೊಂಡಿಯೂ ಸಂಕೇತವನ್ನು ದೊಡ್ಡದು ಮಾಡುವಾಗ ಗದ್ದಲವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಮನೆಯ ಕಂಪ್ಯೂಟರಿನಲ್ಲಿ ಸಂಗೀತ ರೆಕಾರ್ಡ್ ಮಾಡಲು ಹೊರಟವರು ಕೈಯಲ್ಲಿರುವ ಅಲ್ಪಸ್ವಲ್ಪ ದುಡ್ಡನ್ನು ಯಾವುದಕ್ಕೆ ಹಾಕಬೇಕೆಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ ಎಂಬುದು ನನ್ನ ವಾದ. ಮೊದಲ ಕೊಂಡಿ ಎಂದರೆ ಕಂಪ್ಯೂಟರ್ ಅಲ್ಲ, ಸಾಫ್ಟ್‌ವೇರ್ ಅಲ್ಲ, ಮೈಕ್ ಕೂಡ ಅಲ್ಲ. ಹಾಡುವ ಕೋಣೆ, ಮತ್ತು ಬಾಯಿಗೂ ಮೈಕಿಗೂ ನಡುವಿನ ಗೇಣು ಜಾಗ. ಗಮನವೂ ದುಡ್ಡೂ ಅಲ್ಲಿಂದ ಹೊರಟು ಕಂಪ್ಯೂಟರಿನ ಕಡೆಗೆ ಬರಬೇಕು. ಈಗ ಹೆಚ್ಚಿನ ಮನೆಗಳಲ್ಲಿ ಆಗುತ್ತಿರುವುದು ಇದರ ತಿರುವುಮುರುವು.

ಈ ಸೀಮೆಯಲ್ಲಿ ಮುದ್ರಿಸಿ ಇಟ್ಟುಕೊಳ್ಳಬೇಕಾದದ್ದು ಬಹಳ ಇದೆ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಒಂದು ಹಳ್ಳಿ, ಕರ್ನಾಟಕ ಸಂಗೀತದ ಗಾಯಕ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿ. ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದ ಅವರು ಆಕಾಶವಾಣಿಯಲ್ಲಿ ದಶಕಗಳ ಕಾಲ ಕೆಲಸ ಮಾಡಿದವರು. ಜೋಡಿ ಗಾಯಕರಾದ ರುದ್ರಪಟ್ಣಂ ಸಹೋದರರ ಬೇರೂ ಅದೇ ಊರಿನದು. ಗಾಯಕ ಆರ್.ಕೆ. ಪದ್ಮನಾಭ ಅವರ ಮುತುವರ್ಜಿಯಿಂದ ಅಲ್ಲಿ ಎದ್ದಿರುವ ಸಪ್ತಸ್ವರ ದೇವತಾ ಧ್ಯಾನ ಮಂದಿರದ ಆಕಾರವೇ ತಂಬೂರಿಯದು. ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆ ಹಬ್ಬ ಜಾತ್ರೆಗಳಲ್ಲಿ ಪೌರಾಣಿಕ ನಾಟಕ ಆಡುವ ಊರುಗಳಿವೆ. ಹಾರ್ಮೋನಿಯಂ ಮೇಷ್ಟ್ರ ಕೈಯಲ್ಲಿ, ಪಾತ್ರಧಾರಿಗಳ ಗಂಟಲಲ್ಲಿ ಉಳಿದಿರುವ ರಂಗಗೀತೆಗಳಿಗೆ ಲೆಕ್ಕವಿಲ್ಲ. ಭಜನೆ ಮಂಡಳಿಗಳಿವೆ, ಸೋಬಾನೆ ಹೇಳುವ ಅಜ್ಜಿಯರಿದ್ದಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರರು ‘ಹಳ್ಳಿಯ ಹಾಡುಗಳು’ ಸಂಗ್ರಹಿಸಿ ಅಚ್ಚು ಹಾಕಿಸಿದಾಗ ಪುಸ್ತಕದೊಳಗೆ ಬಂದದ್ದು ಮಾತು ಮಾತ್ರ. ಮಟ್ಟು, ಎಳೆತ, ಹಾಡುವವರು ಉಸಿರು ಬಿಡುವ ಜಾಗ ಕಾಗದದಲ್ಲಿ ನಿಲ್ಲುವಂಥದ್ದಲ್ಲ. ಅದನ್ನೂ ಹಿಡಿದಿಡುವ ಅನುಕೂಲ ಇವತ್ತು ಓದುವ ಹುಡುಗ ಹುಡುಗಿಯರಿರುವ ಮನೆಮನೆಯಲ್ಲಿದೆ. ಲ್ಯಾಪ್‌ಟಾಪ್ ಈಗಾಗಲೇ ಮೇಜಿನ ಮೇಲಿದೆ. ಹಾಗಾಗಿ ಇಪ್ಪತ್ತು, ಇಪ್ಪತ್ತೈದು ಸಾವಿರ ರೂಪಾಯಿಯೊಳಗೆ ಏನು ಕೊಳ್ಳಬೇಕು, ಏನು ಬಿಡಬೇಕು ಎಂಬುದು ಚಟದವರ ಪ್ರಶ್ನೆಯಷ್ಟೇ ಅಲ್ಲ. ತಪ್ಪಾಗಿ ಖರ್ಚಾದ ದುಡ್ಡು ಹೇಗೋ ಮತ್ತೆ ಸಂಪಾದನೆಯಾದೀತು. ಅಜ್ಜಿಯ ದನಿ ಮತ್ತೆ ಸಿಗುವುದಿಲ್ಲ.

ಸಾಮಾನ್ಯವಾಗಿ ಕೊಳ್ಳುವ ಕ್ರಮ ಹೀಗಿರುತ್ತದೆ. ಮೊದಲು ಕಂಪ್ಯೂಟರಿಗೆ ರ‍್ಯಾಮ್ ಹೆಚ್ಚಿಸುತ್ತಾರೆ ಅಥವಾ ಹೊಸದನ್ನೇ ತರುತ್ತಾರೆ. ಆಮೇಲೆ ದುಬಾರಿ ಸಾಫ್ಟ್‌ವೇರ್. ಆಮೇಲೆ ‘ಸ್ಟುಡಿಯೋ ಕಿಟ್’ ಹೆಸರಿನಲ್ಲಿ ಸ್ಟ್ಯಾಂಡ್, ಸ್ಪಂಜಿನ ಟೋಪಿ, ವೈರು ಎಲ್ಲ ಸೇರಿ ಒಂದೇ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಕಂಡೆನ್ಸರ್ ಮೈಕ್. ಇಷ್ಟೆಲ್ಲ ಆಗಿ ಹಾಡಿ ಕೇಳಿದರೆ ಬಾವಿಯೊಳಗಿಂದ ಹಾಡಿದ ಹಾಗಿರುತ್ತದೆ. ಹಿಂದೆ ಫ್ಯಾನಿನ ಗುಂಯ್, ಬೀದಿಯ ಬೈಕು, ಪಕ್ಕದ ಮನೆಯ ಮಿಕ್ಸಿ. ಮೈಕ್ ಸರಿಯಿಲ್ಲವೆಂದು ಇನ್ನೂ ದುಬಾರಿಯ ಮೈಕ್ ತರುತ್ತಾರೆ. ಅದು ಅದೇ ಬಾವಿಯನ್ನು ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ. ತಪ್ಪು ಮೈಕಿನದಲ್ಲ. ಎದುರಿಗಿದ್ದುದನ್ನು ಅದು ಪ್ರಾಮಾಣಿಕವಾಗಿಯೇ ಹಿಡಿದಿದೆ.

ಕೋಣೆಯ ವಿಷಯದಲ್ಲಿ ಆಧಾರ ಬೇಕಾದವರು 1895ಕ್ಕೆ ಹೋಗಬೇಕು. ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ಕಲಾ ಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಮೇಷ್ಟ್ರು ಮಾತಾಡಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ಮಾತು ಆರುವ ಮೊದಲೇ ಮುಂದಿನ ಮಾತು ಬಂದು ಅದರ ಮೇಲೆ ಬೀಳುತ್ತಿತ್ತು. ಇದನ್ನು ಸರಿಮಾಡುವ ಕೆಲಸ ವಾಲೆಸ್ ಸಬೈನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕನ ಪಾಲಿಗೆ ಬಂತು. ಅವನು ಮಾಡಿದ್ದೇನು? ಊರು ಮಲಗಿದ ಮೇಲೆ ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತಂದು ಹಾಲಿನಲ್ಲಿ ಹರಡುತ್ತಿದ್ದ. ಆರ್ಗನ್ ಕೊಳವೆಯೊಂದನ್ನು ನುಡಿಸಿ ನಿಲ್ಲಿಸಿ, ದನಿ ಪೂರ್ತಿ ಆರಲು ಎಷ್ಟು ಹೊತ್ತು ಬೇಕೆಂದು ಗಡಿಯಾರ ಹಿಡಿದು ಅಳೆಯುತ್ತಿದ್ದ. ಮೆತ್ತೆ ಹೆಚ್ಚಿದಷ್ಟೂ ಹೊತ್ತು ಇಳಿಯಿತು. ಕೋಣೆಯ ಗಾತ್ರ ಮತ್ತು ದನಿ ಹೀರುವ ಮೇಲ್ಮೈ, ಇವೆರಡರ ಲೆಕ್ಕದಿಂದ ಮಾರ್ದನಿಯ ಅವಧಿ ಹೇಳುವ ಸೂತ್ರ ಹುಟ್ಟಿದ್ದು ಹೀಗೆ. ಧ್ವನಿವಿಜ್ಞಾನದ ಈ ಬುನಾದಿ ನಿಂತಿರುವುದು ಕುರ್ಚಿ ಮೆತ್ತೆಗಳ ಮೇಲೆ ಎಂಬುದು ನಮ್ಮಂಥವರಿಗೆ ಧೈರ್ಯ ಕೊಡುವ ಸಂಗತಿ.

ಆ ಸೂತ್ರವನ್ನು ನಮ್ಮ ಮನೆಗೆ ಹಾಕಿ ನೋಡೋಣ. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ. ಸಿಮೆಂಟು ಗೋಡೆ, ಟೈಲ್ಸ್ ನೆಲ, ಆರ್‌ಸಿಸಿ ತಾರಸಿ. ಇಂಥ ಮೇಲ್ಮೈ ಬಿದ್ದ ದನಿಯಲ್ಲಿ ನೂರಕ್ಕೆ ಐದು ಪಾಲು ಹೀರಿತು ಎಂದಿಟ್ಟುಕೊಂಡರೆ ದನಿ ಆರಲು ಸುಮಾರು 1.7 ಸೆಕೆಂಡ್ ಬೇಕು. ದ್ರುತ ಕಾಲದ ಸ್ವರಪ್ರಸ್ತಾರವೋ ಜತಿಯೋ ಇಂಥ ಕೋಣೆಯಲ್ಲಿ ಕಲಸುಮೇಲೋಗರವಾಗದೆ ಇನ್ನೇನಾದೀತು? ಅದೇ ಕೋಣೆಯಲ್ಲಿ ಮೂರು ದಪ್ಪ ಹತ್ತಿ ಹಾಸಿಗೆಗಳನ್ನು ಗೋಡೆಗೆ ಎತ್ತಿ ನಿಲ್ಲಿಸಿದರೆ, ಅಂದರೆ ಎಂಟು ಚದರ ಮೀಟರಿನಷ್ಟು ಜಾಗ ನೂರಕ್ಕೆ ಎಪ್ಪತ್ತು ಪಾಲು ಹೀರುವಂತಾದರೆ, ಅವಧಿ 0.65 ಸೆಕೆಂಡಿಗೆ ಇಳಿಯುತ್ತದೆ. ಸಣ್ಣ ಕೋಣೆಗೆ ಈ ಸೂತ್ರ ಒರಟು ಲೆಕ್ಕವೇ ಸರಿ, ಆದರೂ ದಿಕ್ಕು ತಪ್ಪಿಸುವುದಿಲ್ಲ. ಖರ್ಚು ಸೊನ್ನೆ, ರಾತ್ರಿ ಹಾಸಿಗೆ ಮತ್ತೆ ಮಂಚಕ್ಕೆ ಹೋಗುತ್ತದೆ. ಹಾಗಾದರೆ ಅಂಗಡಿಯ ಒಂದಿಂಚಿನ ಫೋಮ್ ಹಾಳೆ ಏಕೆ ಬೇಡ? ದನಿ ಹೀರುವ ವಸ್ತು ಚೆನ್ನಾಗಿ ಕೆಲಸ ಮಾಡಬೇಕಾದರೆ ಅದರ ದಪ್ಪ ಅಲೆಯ ಉದ್ದದ ಕಾಲುಭಾಗಕ್ಕೆ ಹತ್ತಿರ ಇರಬೇಕು. ಗಂಡಸರ ಆಧಾರ ಷಡ್ಜ 140 ಹರ್ಟ್ಸ್ ಆಸುಪಾಸು. ಅದರ ಕಾಲು ಅಲೆ ಎರಡಡಿ. ಒಂದಿಂಚಿನ ಫೋಮ್ ಹಿಡಿಯುವುದು 3,000 ಹರ್ಟ್ಸ್ ಮೇಲಿನ ಸಿಳ್ಳು ಸಕಾರಗಳನ್ನು. ಮೇಲಿನದ್ದು ಸತ್ತು ಕೆಳಗಿನ ಗುಮ್ಮು ಹಾಗೇ ಉಳಿದು, ಹಾಡು ಕಂಬಳಿ ಮುಸುಕಿನೊಳಗಿಂದ ಬಂದ ಹಾಗಾಗುತ್ತದೆ. ಹಾಸಿಗೆಯನ್ನು ಗೋಡೆಗೆ ಒತ್ತಿ ನಿಲ್ಲಿಸದೆ ಒಂದಡಿ ಮುಂದೆ ನಿಲ್ಲಿಸಿದರೆ ಹಿಂದಿನ ಗಾಳಿಯೂ ದಪ್ಪದ ಲೆಕ್ಕಕ್ಕೆ ಸೇರಿ ಮಂದ್ರವೂ ಒಂದಿಷ್ಟು ಹಿಡಿತಕ್ಕೆ ಬರುತ್ತದೆ. ಮೊಟ್ಟೆಯ ಟ್ರೇ ಅಂಟಿಸುವ ಪದ್ಧತಿಯನ್ನು ಕೈಬಿಡುವುದೇ ಒಳ್ಳೆಯದು. ಆ ತೆಳು ರಟ್ಟು ಹೀರುವುದು ಅತ್ಯಲ್ಪ, ಹೊರಗಿನ ಗದ್ದಲವನ್ನಂತೂ ತಡೆಯುವುದೇ ಇಲ್ಲ, ಬೆಂಕಿಗೆ ಮಾತ್ರ ಬೇಗ ಸಿಗುತ್ತದೆ.

ಯಾವ ಕೋಣೆ ಎಂಬುದನ್ನು ಮನೆಯವರೇ ಒಂದು ದಿನ ಕಿವಿಗೊಟ್ಟು ತೀರ್ಮಾನಿಸಬೇಕು. ಬಟ್ಟೆಯ ಬೀರು, ಹಾಸಿಗೆ ರಾಶಿ, ಧಾನ್ಯದ ಮೂಟೆ ಇರುವ ಕೋಣೆ ಬರಿದಾದ ಹಜಾರಕ್ಕಿಂತ ಎಷ್ಟೋ ವಾಸಿ. ಹಳೆಯ ಹೆಂಚಿನ ಮನೆಯ ಮಣ್ಣುಗೋಡೆ, ಮರದ ಅಟ್ಟ ಹೊಸ ತಾರಸಿ ಮನೆಗಿಂತ ಸಂಗೀತಕ್ಕೆ ಒಪ್ಪುತ್ತವೆ, ಆದರೆ ಹೆಂಚಿನ ಸಂದಿಯಲ್ಲಿ ಬೀದಿಯೆಲ್ಲ ಒಳಗೆ ಬರುತ್ತದೆ. ಶೀಟಿನ ಮನೆಯಲ್ಲಿ ಮಳೆಗಾಲದಲ್ಲಿ ಕೆಲಸವಿಲ್ಲ. ಹೊತ್ತು ಯಾವುದು ಎಂಬುದೂ ಸಲಕರಣೆಯಷ್ಟೇ ಮುಖ್ಯ. ಡೇರಿಗೆ ಹಾಲು ಹಾಕುವ ಗಲಾಟೆ ಮುಗಿದ ಮೇಲೆ, ಅಥವಾ ರಾತ್ರಿ ಊರು ಮಲಗಿದ ಮೇಲೆ. ಮಳೆಗಾಲದ ರಾತ್ರಿಗಳಲ್ಲಿ ಜೀರುಂಡೆ ಬಿಡುವುದಿಲ್ಲವಾದ್ದರಿಂದ ಆಗ ಬೆಳಗಿನ ಜಾವವೇ ಸರಿ. ಫ್ಯಾನ್, ಫ್ರಿಜ್ಜು ಎರಡನ್ನೂ ಆರಿಸಿ ಕೂರುವ ಒಂದು ಗಂಟೆಯ ಮೌನವನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಎರಡನೆಯದು ದೂರ. 1902ರ ನವೆಂಬರಿನಲ್ಲಿ ಕಲ್ಕತ್ತೆಯ ಹೋಟೆಲೊಂದರ ಕೋಣೆಯಲ್ಲಿ ಗಾಯಕಿ ಗೌಹರ್ ಜಾನ್ ಅವರ ಹಾಡನ್ನು ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮುದ್ರಿಸಿಕೊಂಡಾಗ ಮೈಕೂ ಇರಲಿಲ್ಲ, ಆಂಪ್ಲಿಫೈಯರೂ ಇರಲಿಲ್ಲ. ತಗಡಿನ ಕೊಂಬಿನ ಬಾಯಿಗೆ ಮುಖವಿಟ್ಟು ಹಾಡಬೇಕಿತ್ತು. ಗಂಟಲಿನ ಬಲವೇ ಮೇಣದ ಮೇಲಿನ ಮುಳ್ಳನ್ನು ಅಲುಗಾಡಿಸಬೇಕಿತ್ತು. ವಿದ್ಯುತ್ ಮೈಕಿನ ಮುದ್ರಣ ಬಂದದ್ದು 1925ರಲ್ಲಿ. ಅದಕ್ಕೂ ಹಿಂದಿನ ಗ್ರಾಮಫೋನ್ ತಟ್ಟೆಗಳಲ್ಲಿ ಸೂಜಿಯ ಕರಕರ ಎಷ್ಟೇ ಇದ್ದರೂ ಹಾಡುವವರು ನಮ್ಮ ಎದುರಿಗೇ ಇದ್ದ ಹಾಗೆ ಕೇಳುತ್ತದೆ. ಅದಕ್ಕೆ ಕಾರಣ ಹತ್ತಿರ. ದೂರ ಅರ್ಧಕ್ಕಿಳಿದರೆ ನೇರ ಬರುವ ದನಿ 6 ಡೆಸಿಬೆಲ್ ಏರುತ್ತದೆ, ಕೋಣೆಯ ಮಾರ್ದನಿ ಇದ್ದಷ್ಟೇ ಇರುತ್ತದೆ. ಎರಡು ಮೊಳ ದೂರದ ಮೈಕನ್ನು ಒಂದು ಗೇಣಿಗೆ ತಂದರೆ 12 ಡೆಸಿಬೆಲ್ ಲಾಭ. ಇದನ್ನು ದುಡ್ಡು ಕೊಟ್ಟು ಪಡೆಯಲು ಹೊರಟರೆ ಕೋಣೆಯ ಮಾರ್ದನಿಯನ್ನು ಹದಿನಾರನೇ ಒಂದು ಭಾಗಕ್ಕೆ ಇಳಿಸಬೇಕಾಗುತ್ತದೆ. ಹತ್ತಿರಕ್ಕೂ ಮಿತಿ ಉಂಟು. ತೀರಾ ಬಾಯಿಗೇ ಹಿಡಿದರೆ ಒಂದು ದಿಕ್ಕಿಗೆ ಮಾತ್ರ ಕಿವಿಗೊಡುವ ಮೈಕುಗಳಲ್ಲಿ ಮಂದ್ರ ಊದಿಕೊಳ್ಳುತ್ತದೆ. ಪ, ಬ, ಭ ಬಂದಾಗಲೆಲ್ಲ ಉಸಿರು ಡಬ್ಬೆಂದು ಬಡಿಯುತ್ತದೆ. ಕನ್ನಡದ ಮಹಾಪ್ರಾಣಗಳಿಗೆ ಇದು ಇನ್ನೂ ಹೆಚ್ಚು. ಮೈಕನ್ನು ಬಾಯಿಗೆ ನೇರವಾಗಿಡದೆ ಕೆನ್ನೆಯ ಕಡೆಯಿಂದ ಸ್ವಲ್ಪ ಓರೆಯಾಗಿಟ್ಟು, ನಡುವೆ ಕಸೂತಿಯ ರಿಂಗಿಗೆ ಹಳೆಯ ನೈಲಾನ್ ಕಾಲುಚೀಲ ಬಿಗಿದು ನಿಲ್ಲಿಸಿದರೆ ಸಾಕು. ಹಾರ್ಮೋನಿಯಂಗೆ ಲೆಕ್ಕ ಬೇರೆ. ಪೆಟ್ಟಿಗೆಗೆ ತೀರಾ ಹತ್ತಿರ ಇಟ್ಟರೆ ಮನೆಗಳನ್ನೊತ್ತುವ ಟಕಟಕವೂ ತಿದಿಯ ಉಸಿರೂ ಸ್ವರಕ್ಕಿಂತ ಮುಂದೆ ಬರುತ್ತವೆ. ಒಂದು ಮೊಳ ಹಿಂದೆ ಸರಿಸಿ ಸ್ವಲ್ಪ ಮೇಲಿನಿಂದ ಇಳಿಬಿಟ್ಟರೆ ಆ ಪೆಟ್ಟಿಗೆಯ ತುಂಬು ದನಿ ಸಿಗುತ್ತದೆ.

ಈಗ ಮೈಕು. ಮನೆಗೆ ಡೈನಮಿಕ್ ಮೈಕೇ ಮೊದಲು ಬರಲಿ ಎನ್ನುತ್ತೇನೆ. ಆದರೆ ಅದಕ್ಕೆ ಎಲ್ಲರೂ ಕೊಡುವ ಕಾರಣವನ್ನು ನಾನು ಒಪ್ಪುವುದಿಲ್ಲ. ಡೈನಮಿಕ್ ಮೈಕ್ ಸುತ್ತಲಿನ ಗದ್ದಲ ಹಿಡಿಯುವುದಿಲ್ಲ, ಕಂಡೆನ್ಸರ್ ಎಲ್ಲವನ್ನೂ ಹಿಡಿಯುತ್ತದೆ ಎಂಬ ಮಾತು ಅರ್ಧಸತ್ಯ. ಒಂದೇ ದಿಕ್ಕಿಗೆ ಕಿವಿಗೊಡುವ ಎರಡೂ ಬಗೆಯ ಮೈಕನ್ನು ಒಂದೇ ದೂರದಲ್ಲಿಟ್ಟು, ಹಾಡಿನ ಮಟ್ಟ ಸಮವಾಗುವಂತೆ ಗೇನ್ ಹೊಂದಿಸಿದರೆ ಕೋಣೆಯ ಗದ್ದಲ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗದ್ದಲ ಕಡಿಮೆ ಮಾಡುವುದು ಹತ್ತಿರವೇ ಹೊರತು ಮೈಕಿನ ಜಾತಿಯಲ್ಲ. ಹಾಗಿದ್ದೂ ಡೈನಮಿಕ್ ಏಕೆ? ಅದು ಹತ್ತಿರವನ್ನು ತಡೆದುಕೊಳ್ಳುತ್ತದೆ. ಬಾಯಿಯ ಮುಂದೆ ನಾಲ್ಕು ಬೆರಳು ದೂರದಲ್ಲಿ ತಾರಸ್ಥಾಯಿ ಹಾಡಿದರೂ ಒಡೆಯುವುದಿಲ್ಲ. ಕಂಡೆನ್ಸರಿಗೆ ಬೇಕಾಗುವ 48 ವೋಲ್ಟ್ ಫ್ಯಾಂಟಮ್ ಪವರ್ ಬೇಡುವುದಿಲ್ಲ. ಕೈತಪ್ಪಿ ಬಿದ್ದರೂ ಬದುಕುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಕಡೆಯ ಮಳೆಗಾಲದ ತೇವವನ್ನು ಕಂಡೆನ್ಸರಿನ ಸೂಕ್ಷ್ಮ ಪೊರೆಗಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ. 1966ರಲ್ಲಿ ಬಂದ ಶೂರ್ ಕಂಪನಿಯ ಎಸ್‌ಎಂ58 ಇವತ್ತಿಗೂ ವೇದಿಕೆಗಳ ಮೇಲಿದೆಯೆಂದರೆ ಅದಕ್ಕೆ ಈ ಗಟ್ಟಿತನವೇ ಕಾರಣ. ಆ ಮೈಕಿಗೆ ಹತ್ತು ಸಾವಿರದ ಆಸುಪಾಸು ಬೇಕು. ಎರಡು ಮೂರು ಸಾವಿರದಲ್ಲೂ ಕೆಲಸಕ್ಕೆ ಬರುವ ಡೈನಮಿಕ್ ಮೈಕುಗಳಿವೆ. ಕೊಳ್ಳುವ ಮೊದಲು ಊರಿನ ಶಾಮಿಯಾನ ಮೈಕ್‌ಸೆಟ್‌ನವರಲ್ಲಿ ಒಂದು ದಿನದ ಬಾಡಿಗೆಗೆ ಕೇಳಿ ತಂದು ಹಾಡಿ ನೋಡಬಹುದು. ವೀಣೆ, ತಂಬೂರಿ, ಮೆಲುದನಿಯ ಅಜ್ಜಿ, ಇಷ್ಟಕ್ಕೆ ಮಾತ್ರ ಈ ಸಲಹೆ ಸೋಲುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಅಗ್ಗದ ಇಂಟರ್‌ಫೇಸಿನ ಗೇನ್ ಪೂರ್ತಿ ತಿರುಗಿಸಿದರೂ ಡೈನಮಿಕ್ ಮೈಕಿನ ಸಂಕೇತ ಸಾಲದೆ ಹಿಂದೆ ಹಿಸ್ ಎನ್ನುವ ಸದ್ದು ಏಳುತ್ತದೆ. ಅಂಥ ಕಡೆ ಕಂಡೆನ್ಸರೇ ಬೇಕು. ಬೇಕೆಂದಮೇಲೆ 48 ವೋಲ್ಟ್ ನಿಜವಾಗಿಯೂ ಕೊಡುವ ಇಂಟರ್‌ಫೇಸಿಗೆ ಎಕ್ಸ್‌ಎಲ್‌ಆರ್ ವೈರಿನಲ್ಲಿ ಜೋಡಿಸುವುದು, ಹಾಸಿಗೆ ನಿಲ್ಲಿಸಿದ ಕೋಣೆಯಲ್ಲಿ ಇಡುವುದು. ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿಗೆ ನೇರವಾಗಿ ಚುಚ್ಚುವ ಕಿಟ್ ಮೈಕಿಗೆ ಆ 48 ವೋಲ್ಟ್ ಸಿಗುವುದೇ ಇಲ್ಲ.

ಇಂಟರ್‌ಫೇಸ್ ಎಂದರೆ ಮೈಕಿನ ಸಂಕೇತವನ್ನು ಅಂಕಿಗಳಾಗಿ ಬದಲಿಸಿ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆ. ಇದರ ಮೇಲೆ ದೊಡ್ಡದಾಗಿ ಬರೆದಿರುವ 192 ಕಿಲೋಹರ್ಟ್ಸ್ ಎಂಬ ಅಂಕಿಗೆ ದುಡ್ಡು ಕೊಡಬೇಕಾಗಿಲ್ಲ. ಮನುಷ್ಯನ ಕಿವಿಯ ಮೇಲ್ಮಿತಿ 20 ಕಿಲೋಹರ್ಟ್ಸ್, 1982ರ ಸಿ.ಡಿ. ಅದಕ್ಕೆ 44.1 ಕಿಲೋಹರ್ಟ್ಸ್, 16 ಬಿಟ್ ಸಾಕೆಂದು ನಿಗದಿ ಮಾಡಿತು, ಈಗಲೂ ಸಾಕು. 16 ಬಿಟ್‌ಗೆ 96 ಡೆಸಿಬೆಲ್ ಅಂತರ ಹಿಡಿಯುವ ಶಕ್ತಿಯಿದೆ. ನಮ್ಮ ಕೋಣೆಯ ಮೌನವೇ 35, 40 ಡೆಸಿಬೆಲ್ ಇರುವಾಗ, ಹತ್ತಿರದ ಹಾಡಿನ ಏರು 90 ಮುಟ್ಟುವಾಗ, ನಿಜವಾಗಿ ಬಳಕೆಯಾಗುವುದು 50, 55. 24 ಬಿಟ್ ಇದ್ದರೆ ಒಂದು ಅನುಕೂಲ ಉಂಟು: ಮಟ್ಟವನ್ನು ಕೆಂಪು ಗೆರೆಯಿಂದ 12 ಡೆಸಿಬೆಲ್ ಕೆಳಗಿಟ್ಟು ನಿಶ್ಚಿಂತೆಯಿಂದ ಹಾಡಿಸಬಹುದು. ಹಾಗಾಗಿ 48 ಕಿಲೋಹರ್ಟ್ಸ್, 24 ಬಿಟ್, ಎರಡು ಮೈಕ್ ಒಳದಾರಿ, ನೇರ ಕೇಳಿಸುವ ಸ್ವಿಚ್, ಇಷ್ಟಿರುವ ಯಾವುದಾದರೂ ಆದೀತು. ನೇರ ಕೇಳಿಸುವ ಸ್ವಿಚ್ಚಿನ ಮಹತ್ವ ಹಾಡಿ ನೋಡಿದವರಿಗೇ ಗೊತ್ತು. ಕಂಪ್ಯೂಟರಿನೊಳಗೆ ಹೋಗಿ ಹಿಂದಿರುಗಿದ ದನಿ ಹೆಡ್‌ಫೋನಿಗೆ ತಡವಾಗಿ ಬರುತ್ತದೆ. ಹತ್ತು ಮಿಲಿಸೆಕೆಂಡ್ ತಡವೆಂದರೆ ಮೃದಂಗದವರು ಹನ್ನೊಂದಡಿ ಆಚೆ ಕೂತು ನುಡಿಸಿದ ಹಾಗೆ; ಅಷ್ಟನ್ನು ಹೇಗೋ ಸಹಿಸಬಹುದು. ಬ್ಲೂಟೂತ್ ಹೆಡ್‌ಫೋನಿನಲ್ಲಿ ಈ ತಡ ನೂರು ಮಿಲಿಸೆಕೆಂಡ್ ದಾಟುವುದುಂಟು, ಆಗ ತಾಳವೇ ಕೈ ಬಿಡುತ್ತದೆ. ಆದ್ದರಿಂದ ಹೆಡ್‌ಫೋನ್ ವೈರಿನದೇ ಇರಲಿ, ಕಿವಿ ಪೂರ್ತಿ ಮುಚ್ಚುವಂಥದಿರಲಿ. ಶ್ರುತಿಪೆಟ್ಟಿಗೆಯ ದನಿ ಅದರಿಂದ ಸೋರಿ ಮೈಕಿಗೆ ಬೀಳಬಾರದು. ಸ್ಪೀಕರುಗಳ ಯೋಚನೆ ಈ ಮೊತ್ತದಲ್ಲಿ ಬೇಡ.

ಇಷ್ಟೆಲ್ಲ ಏಕೆ, ಫೋನ್ ಸಾಲದೇ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ನ್ಯಾಯವಿದೆ. ಪಾಠ ಒಪ್ಪಿಸಲು, ಮಟ್ಟು ಮರೆಯದಿರಲು, ದಾರಿಯಲ್ಲಿ ಸಿಕ್ಕ ಪದವೊಂದನ್ನು ಹಿಡಿದಿಡಲು ಫೋನ್ ಸಾಕು, ಇಲ್ಲದಿದ್ದರೆ ಅದೂ ಉಳಿಯುತ್ತಿರಲಿಲ್ಲ. ಆದರೆ ಫೋನ್ ಮೂಲತಃ ಮಾತಿಗಾಗಿ ಮಾಡಿದ್ದು. ಮೆಲ್ಲಗೆ ಹಾಡಿದರೆ ತಾನೇ ಏರಿಸುತ್ತದೆ, ಜೋರಾದರೆ ತಾನೇ ಇಳಿಸುತ್ತದೆ. ಹಾಡುವವರು ಬೇಕೆಂದೇ ಮಾಡಿದ ಏರಿಳಿತ ಸಪಾಟಾಗುತ್ತದೆ. ಇನ್ನೊಂದು ಇದಕ್ಕಿಂತ ನೋವಿನ ವಿಷಯ. ಕರೆಗೂ ಆನ್‌ಲೈನ್ ಪಾಠಕ್ಕೂ ಬಳಸುವ ಆ್ಯಪ್‌ಗಳಲ್ಲಿ ಗದ್ದಲ ಅಳಿಸುವ ಏರ್ಪಾಡು ಇರುತ್ತದೆ. ಬದಲಾಗದೆ ಒಂದೇ ಸಮನೆ ಬರುವ ದನಿ ಗದ್ದಲವೆಂಬುದು ಅದರ ತಿಳಿವಳಿಕೆ. ಫ್ಯಾನ್ ಹಾಗೆ ಬರುತ್ತದೆ, ಮೋಟರ್ ಹಾಗೆ ಬರುತ್ತದೆ. ತಂಬೂರಿಯೂ ಹಾಗೇ ಬರುತ್ತದೆ. ಹಾಡು ನಿಂತ ಜಾಗದಲ್ಲಿ ಶ್ರುತಿ ತುಂಬಿರಬೇಕಾದಲ್ಲಿ ಅದು ಮುಳುಗಿ, ಗಾಯಕರು ಮತ್ತೆ ಬಾಯಿ ತೆರೆದಾಗ ಹರಿದ ಬಟ್ಟೆಯಂತೆ ಚೂರುಚೂರಾಗಿ ತೇಲುತ್ತದೆ. ಝೂಮ್‌ನಂಥ ಆ್ಯಪ್‌ಗಳು ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇಟ್ಟಿರುವುದು ಸಂಗೀತದವರ ಈ ಕಷ್ಟಕ್ಕೇ.

ಆಮೇಲೆ ಶುದ್ಧ ಮಾಡಿದರಾಯಿತು, ಈಗ ಕೃತಕ ಬುದ್ಧಿಮತ್ತೆಯೇ ಇದೆಯಲ್ಲ ಎಂಬುದು ಎರಡನೆಯ ಆಕ್ಷೇಪ. ಉಪಕರಣಗಳು ದಿನೇ ದಿನೇ ಚುರುಕಾಗುತ್ತಿರುವುದು ನಿಜ. ಫ್ಯಾನಿನ ಸದ್ದನ್ನು ಇಳಿಸುವುದು ಉಚಿತವಾಗಿ ಸಿಗುವ ಆಡಾಸಿಟಿಯಲ್ಲೇ ಆಗುತ್ತದೆ. ಆದರೆ ಮಾರ್ದನಿ ಎಂಬುದು ಹೊರಗಿನಿಂದ ಬಂದ ಗದ್ದಲವಲ್ಲ, ಹಾಡೇ ಗೋಡೆಗೆ ತಾಗಿ ತಡವಾಗಿ ಬಂದದ್ದು. ಅದನ್ನು ಕಿತ್ತರೆ ಜೊತೆಗೆ ಹಾಡಿನ ಚರ್ಮವೂ ಬರುತ್ತದೆ. ತೋಡಿಯ ಗಾಂಧಾರದ ಓಲಾಟದಲ್ಲಿ ಎಷ್ಟು ಗಮಕ, ಎಷ್ಟು ಗೋಡೆ ಎಂದು ಯಂತ್ರ ಊಹಿಸಿ ತುಂಬಿದ ಭಾಗ ಅಜ್ಜಿಯದೂ ಅಲ್ಲ, ಗಾಯಕರದೂ ಅಲ್ಲ. ಮುಂದಿನ ತಲೆಮಾರಿಗೆ ಕಾಪಿಡುವ ದನಿಗೆ ಈ ಊಹೆ ಬೇಡ. ಸಾಫ್ಟ್‌ವೇರಿಗೆ ದುಡ್ಡು ಹಾಕಬೇಡಿ ಎನ್ನುವುದಕ್ಕೆ ಇದೂ ಒಂದು ಕಾರಣ. ಆಡಾಸಿಟಿ ಸಾಲದೆನಿಸಿದರೆ ರೀಪರ್ ಇದೆ, ಅರವತ್ತು ದಿನ ಪುಕ್ಕಟೆ ಬಳಸಿ ನೋಡಬಹುದು.

ಒಂದೇ ಹಾಡಿಗೋ ಆಲ್ಬಮ್ಮಿಗೋ ಆದರೆ ಸ್ಟುಡಿಯೋ ಬಾಡಿಗೆಗೆ ಹಿಡಿಯುವುದೇ ಲೇಸು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಮದುವೆಗೆ ಒಂದು ಹಾಡು ಮಾಡಿಸುವವರು ಇಪ್ಪತ್ತು ಸಾವಿರದ ಸಾಮಾನು ತರಬೇಕಾಗಿಲ್ಲ. ಆದರೆ ಗಂಟೆಗಿಷ್ಟು ಎಂದು ಎಣಿಸುವ ಜಾಗದಲ್ಲಿ ಎಪ್ಪತ್ತು ದಾಟಿದವರು ಬಿಡುಬೀಸಾಗಿ ಹಾಡಲಾರರು. ನೆನಪಾಗದ ಸಾಲಿಗೆ ಕಾಯಲು ಅಲ್ಲಿ ವ್ಯವಧಾನವಿಲ್ಲ. ಮನೆ ಸ್ಟುಡಿಯೋ ಆಗಲಾರದು ಎಂಬ ಅಳುಕಿದ್ದವರು ಮೈಸೂರಿನ ‘ವಿಠ್ಠಲ ವಿಹಾರ’ವನ್ನು ನೆನೆಯಬೇಕು. 1935ರ ಸೆಪ್ಟೆಂಬರಿನಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ತಮ್ಮ ಆ ಮನೆಯಿಂದಲೇ ಬಾನುಲಿ ಪ್ರಸಾರ ಶುರುಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಮೂವತ್ತು ವ್ಯಾಟ್ ಎಂದರೆ ಮನೆಯ ಸಾಮಾನ್ಯ ಫ್ಯಾನ್ ತಿನ್ನುವುದಕ್ಕಿಂತ ಕಡಿಮೆ.

ವಿದ್ಯುತ್ತಿನ ಸಂಗತಿ ಅಂಗಡಿಯವರು ಹೇಳದೇ ಬಿಡುವಂಥದ್ದು. ಹಳ್ಳಿಯ ಅನೇಕ ಮನೆಗಳಲ್ಲಿ ಅರ್ಥಿಂಗ್ ಸರಿಯಿರುವುದಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದೊಡನೆ ರೆಕಾರ್ಡಿಂಗಿನ ತಳದಲ್ಲಿ 50 ಹರ್ಟ್ಸ್‌ನ ಗುಂಯ್ ಕೂರುತ್ತದೆ. ಕರೆಂಟು ಹೋಗಿ ಇನ್ವರ್ಟರ್ ಹಿಡಿದರೆ ಅದು ಇನ್ನೂ ಒರಟಾಗುತ್ತದೆ. ಇದಕ್ಕೆಂದು ಸಾವಿರಾರು ರೂಪಾಯಿಯ ಫಿಲ್ಟರ್ ತರುವ ಮುಂಚೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಮುದ್ರಿಸಿ ನೋಡಬೇಕು, ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ಮೈಕಿನ ವೈರು ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಆಗಿದ್ದರೆ ದಾರಿಯಲ್ಲಿ ಸೇರುವ ಗುಂಯ್ ಎರಡು ಎಳೆಗಳಲ್ಲೂ ಸಮನಾಗಿ ಬಂದು ಕೊನೆಯಲ್ಲಿ ಒಂದನ್ನೊಂದು ಅಳಿಸಿಹಾಕುತ್ತದೆ. ಹಬ್ಬದ ಮೈಕಿನ ದಪ್ಪ ಜಾಕ್ ವೈರಿಗೆ ಈ ಗುಣವಿಲ್ಲ.

ಅಂದಾಜಿಗೆ ಹೇಳುವುದಾದರೆ, ಕಂಬಳಿ, ಹಗ್ಗ, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಸೇರಿ ಕೋಣೆಗೆ ಸಾವಿರ ರೂಪಾಯಿ, ಅಲುಗದ ಸ್ಟ್ಯಾಂಡಿಗೂ ಒಳ್ಳೆಯ ವೈರಿಗೂ ಎರಡು ಸಾವಿರ, ಮೈಕಿಗೆ ಮೂರು ಸಾವಿರ, ಹೆಡ್‌ಫೋನಿಗೆ ನಾಲ್ಕು, ಎರಡು ಮೈಕಿನ ಇಂಟರ್‌ಫೇಸಿಗೆ ಹತ್ತು. ಇಪ್ಪತ್ತರಲ್ಲಿ ಮುಗಿಯಿತು. ಐದು ಉಳಿದರೆ ಹಾರ್ಡ್ ಡಿಸ್ಕಿಗೆ ಎತ್ತಿಡಬೇಕು. ಇದನ್ನು ಮರೆತವರೇ ಹೆಚ್ಚು. 48 ಕಿಲೋಹರ್ಟ್ಸ್, 24 ಬಿಟ್‌ನ ಒಂದು ಮೈಕಿನ ಮುದ್ರಣ ಗಂಟೆಗೆ ಅರ್ಧ ಜಿ.ಬಿ.ಗಿಂತ ತುಸು ಹೆಚ್ಚು ಹಿಡಿಯುತ್ತದೆ, ಎರಡು ಮೈಕಿಗೆ ಒಂದು ಜಿ.ಬಿ. ಎಂಪಿ3 ಮಾಡಿ ವಾಟ್ಸ್‌ಆ್ಯಪಿಗೆ ಕಳಿಸುವುದು ಆಮೇಲಿನ ಮಾತು. ಮೂಲದ ವೇವ್ ಕಡತ ಎರಡು ಮನೆಗಳಲ್ಲಿ, ಎರಡು ಡಿಸ್ಕಿನಲ್ಲಿ ಇರಲಿ. ಕಡತಕ್ಕೆ ‘ಆಡಿಯೋ 7’ ಎಂದು ಹೆಸರಿಟ್ಟರೆ ಹತ್ತು ವರ್ಷದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಅದಕ್ಕಾಗಿ ಹಾಡು ಶುರುವಾಗುವ ಮುಂಚೆ ಹಾಡುವವರ ಬಾಯಿಂದಲೇ ಅವರ ಹೆಸರು, ಊರು, ಅಂದಿನ ತಾರೀಖು, ಈ ಹಾಡು ಯಾರಿಂದ ಬಂತು ಎಂಬುದನ್ನು ಹೇಳಿಸಿ ಮುದ್ರಿಸಿಕೊಳ್ಳಬೇಕು. ಅದಾದ ಮೇಲೆ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನೂ ಹಿಡಿಯಬೇಕು. ಮುಂದೆ ಗದ್ದಲ ಇಳಿಸುವವರಿಗೆ ಬೇಕಾಗುವ ಮಾದರಿ ಅದು. ಆ ಅರ್ಧ ನಿಮಿಷವನ್ನು ಹೆಡ್‌ಫೋನಿನಲ್ಲಿ ಕೇಳಿ, ಒಳಗೆಲ್ಲೋ ಫ್ರಿಜ್ಜು ಇನ್ನೂ ಓಡುತ್ತಿದ್ದರೆ ಎದ್ದು ಹೋಗಿ ಆರಿಸಿ ಬಂದು, ಆಮೇಲೆ ಹಾಡಿಸುವುದು.